ಹರಸುವ ಮಂತ್ರಕ್ಕೆ ಎಷ್ಟು ದಾಳ?

ಮಾನ್ಯ ಸಂಪಾದಕರೇ,

ದಾಳ ಉರುಳಿಸುತ್ತ ಕಥೆಯ ಪಾತ್ರಗಳಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ ಐದನೇ ಆವೃತ್ತಿಯಲ್ಲಿ ‘ಬ್ಲೆಸ್’ ಮಂತ್ರವು, ಹಾಕಿದವರ ಏಕಾಗ್ರತೆ ಮುರಿಯದಿದ್ದರೆ, ಮೂವರಿಗೆ ಒಂದು ನಿಮಿಷದವರೆಗೆ ದಾಳಿಯ ದಾಳಕ್ಕೂ ಅಪಾಯದಿಂದ ಪಾರಾಗಲು ಉರುಳಿಸುವ ರಕ್ಷಣೆಯ ದಾಳಕ್ಕೂ ನಾಲ್ಕು ಮುಖದ ಇನ್ನೊಂದು ದಾಳವನ್ನು ಕೂಡಿಸಿಕೊಡುತ್ತದೆ. ಕಳೆದ ಭಾನುವಾರ ನಮ್ಮ ಆಟದಲ್ಲಿ ಇಬ್ಬರು ಪುರೋಹಿತ ಪಾತ್ರಧಾರಿಗಳು ಒಬ್ಬನೇ ಯೋಧನನ್ನು ಹರಸಿ, ಎರಡು ದಾಳ ಬೇಕೆಂದು ಪಟ್ಟು ಹಿಡಿದರು. ಒಂದೇ ಹೆಸರಿನ ಮಂತ್ರಗಳ ಫಲ ಒಟ್ಟುಗೂಡುವುದಿಲ್ಲವೆಂದು ನಿಯಮವೇ ಹೇಳುವುದರಿಂದ ಆ ವಾದ ನಿಲ್ಲದು. ಆದರೆ ಅದೇ ಯೋಧ ನೆಲಕ್ಕುರುಳಿ, ಸಾವು-ಬದುಕಿನ ದಾಳದಲ್ಲಿ ಎಂಟು ಬಿದ್ದಾಗ, ಹರಕೆಯ ದಾಳದ ಎರಡನ್ನು ಸೇರಿಸಿ ಆ ಎಸೆತ ಗೆಲ್ಲಲು ಬೇಕಾದ ಹತ್ತೆಂದು ಎಣಿಸಲು ಆಟದ ನಿರ್ವಾಹಕರು (ಜಗಳದಿಂದ ಬೇಸತ್ತಿದ್ದರೋ ಏನೋ) ಒಪ್ಪದಿದ್ದುದು ತಪ್ಪು. ನಿಯಮಪುಸ್ತಕದ ಪ್ರಕಾರ ಅದೂ ರಕ್ಷಣೆಯ ದಾಳವೇ.

ಇತಿ,
ಒಬ್ಬ ಓದುಗ