ಮಗಳಿಗೊಂದು ಪತ್ರ: ಕಿವಿ ಆಪರೇಷನ್‌ಗೆ ಬರೆಯುವ ಮೊದಲು

ದಾವಣಗೆರೆ

ಪ್ರೀತಿಯ ಮಗಳೇ,

ಇನ್ನು ಮುಂದೆ ಕಿವಿ-ಮೂಗು-ಗಂಟಲಿನ (ಇಎನ್‌ಟಿ) ಓಪಿಡಿಯಲ್ಲಿ ನೀನೇ ಕೂರುತ್ತೀಯ. ಹರಿಹರದಿಂದಲೋ ಜಗಳೂರಿನಿಂದಲೋ ಬಂದವರು ಕೇಳುವುದು ಒಂದೇ: 'ಮೇಡಂ, ಆಪರೇಷನ್ ಮಾಡಿಸ್ಲೇಬೇಕಾ?' ಮೊದಲು ಸೋರುತ್ತಿರುವ ಕಿವಿ ಎಂಥದ್ದೆಂದು ನೋಡು.

ಲೋಳೆಯಂಥ ಕೀವು, ವಾಸನೆಯಿಲ್ಲ, ಕಿವಿಯ ತಮಟೆಯ ನಡುವೆ ತೂತು. ಇದಕ್ಕೆ ಅವಸರವಿಲ್ಲ. ಡ್ರಾಪ್ಸ್ ಕೊಟ್ಟು ಒಣಗಿಸು. ಭದ್ರಾ ನಾಲೆಯ ಈಜು, ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಎರಡೂ ನಿಲ್ಲಲಿ. ತೂತು ಮುಚ್ಚುವ ಆಪರೇಷನ್ನಾದ ಟಿಂಪನೊಪ್ಲಾಸ್ಟಿಯಲ್ಲಿ ಕಿವಿಯ ಮೇಲಿನ ಸ್ನಾಯುವಿನ ಹೊದಿಕೆಯಿಂದ ತೆಳು ಪೊರೆ ತೆಗೆದು ತೇಪೆ ಹಾಕುತ್ತೇವೆ. ಹತ್ತರಲ್ಲಿ ಎಂಟೊಂಬತ್ತು ಕೂಡಿಕೊಳ್ಳುತ್ತವೆ. ಸೋಂಕು, ಬೀಡಿ, ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ನಳಿಕೆಯ ತೊಂದರೆ ಇದ್ದರೆ ಕೂಡುವುದು ಕಷ್ಟ.

ತೂತು ಮುಚ್ಚಿದ ಮಾತ್ರಕ್ಕೆ ಕೇಳಿಸಿಬಿಡುತ್ತದೆ ಎಂದು ಮಾತ್ರ ಹೇಳಬೇಡ. ಕೇಳುವ ಶಕ್ತಿ ಅಳೆಯುವ ಆಡಿಯೋಗ್ರಾಂನಲ್ಲಿ ಗಾಳಿಯ ಗೆರೆಗೂ (ಸದ್ದು ಗಾಳಿಯ ಮೂಲಕ ಕೇಳಿಸಿದ್ದು) ಮೂಳೆಯ ಗೆರೆಗೂ (ತಲೆಬುರುಡೆಯ ಮೂಲಕ ಒಳಕಿವಿಗೆ ನೇರ ತಲುಪಿದ್ದು) ಅಂತರವಿದ್ದರಷ್ಟೇ ಕೇಳುವುದು ಸುಧಾರಿಸೀತು. ಮೂಳೆಯ ಗೆರೆಯೇ ಕೆಳಗಿಳಿದಿದ್ದರೆ ಅದು ನರದ ಕಿವುಡು. ಅದಕ್ಕೆ ಹೆಚ್ಚಾಗಿ ಹಿಯರಿಂಗ್ ಏಯ್ಡೇ ಗತಿ.

ಕೀವು ಸ್ವಲ್ಪವೇ ಇದ್ದು ಕೆಟ್ಟ ನಾತವಿದ್ದರೆ, ತಮಟೆಯ ಮೇಲಂಚಿನಲ್ಲಿ ಬಿಳಿ ಪದರ ಕಂಡರೆ ಕೊಲೆಸ್ಟಿಯಟೋಮಾ, ಅಂದರೆ ನಡುಕಿವಿಯೊಳಗೆ ಚರ್ಮ ಗಂಟಾಗಿ ಬೆಳೆಯುವ ಕಾಯಿಲೆ, ಇರಬಹುದು. ಅದು ಮೂಳೆಯನ್ನೇ ತಿನ್ನುತ್ತದೆ. ಮುಖ ಸೊಟ್ಟಗಾಗಬಹುದು, ಮಿದುಳಿಗೆ ಕೀವು ಹತ್ತಬಹುದು. ನೋವಿಲ್ಲವಲ್ಲ, ಸುಗ್ಗಿ ಮುಗೀಲಿ ಅನ್ನುತ್ತಾರೆ. ಬಿಡಬೇಡ, ಕೂರಿಸಿಕೊಂಡು ತಿಳಿಸಿ ಹೇಳು. ಇಲ್ಲಿ ಆಪರೇಷನ್ ಜೀವ ಕಾಯುವುದಕ್ಕೆ, ಕಿವಿ ಒಣಗುವುದಕ್ಕೆ. ಕೇಳುವುದು ಆಮೇಲಿನ ಮಾತು, ಈಗಿರುವುದಕ್ಕಿಂತ ಕಡಿಮೆಯೂ ಆಗಬಹುದು. ಮತ್ತೆ ಬೆಳೆಯುವ ಕಾಯಿಲೆಯಾದ್ದರಿಂದ ವರ್ಷಗಟ್ಟಲೆ ತೋರಿಸುತ್ತಿರಬೇಕು.

ಅಪಾಯಗಳನ್ನು ಸಹಿ ಹಾಕಿಸುವಾಗ ಗಡಿಬಿಡಿಯಲ್ಲಿ ಓದಬೇಡ. ಚೆನ್ನಾಗಿ ಕೇಳುವ ಕಿವಿಯ ಕಡೆ ಕೂತು ಹೇಳು. ನಾಲಿಗೆಯ ಒಂದು ಪಕ್ಕ ತಿಂಗಳುಗಟ್ಟಲೆ ರುಚಿ ಕೆಡಬಹುದು, ಏಕೆಂದರೆ ರುಚಿಯ ನರ ತಮಟೆಯ ಹಿಂದೆಯೇ ಹಾದುಹೋಗುತ್ತದೆ. ಮುಖದ ನರಕ್ಕೆ ಪೆಟ್ಟು, ಪೂರ್ತಿ ಕಿವುಡು ಇವೆರಡೂ ಅಪರೂಪ. ಆದರೆ ಕೇಳುವ ಕಿವಿ ಅದೊಂದೇ ಆಗಿದ್ದರೆ ಆ ಅಪರೂಪವೇ ಎಲ್ಲಕ್ಕಿಂತ ಭಾರ. ಬರೀ ತೂತಿಗಾಗಿ ಆ ಕಿವಿಯನ್ನು ಮುಟ್ಟಬೇಡ. ಕೊಲೆಸ್ಟಿಯಟೋಮಾ ಆದರೆ ಸೀನಿಯರ್ ಕೈಯಲ್ಲೇ ಆಗಲಿ.

ಆಮೇಲಿನ ಪಥ್ಯವನ್ನೂ ನೀನೇ ಹೇಳು. ಪೊರೆ ತೆಗೆದದ್ದು ಅಗಿಯುವ ಸ್ನಾಯುವಿನ ಮೇಲಿಂದ, ಹಾಗಾಗಿ ಕೆಲವು ದಿನ ದವಡೆ ನೋಯುತ್ತದೆ. ಗಟ್ಟಿ ರೊಟ್ಟಿ ಬೇಡ, ಮೆತ್ತಗಿನ ಅನ್ನ ಸಾಕು. ತಲೆಗೆ ನೀರು ಹಾಕುವಾಗ ವ್ಯಾಸಲಿನ್ ಸವರಿದ ಹತ್ತಿ ಇರಲಿ. ಮೂಗು ಜೋರಾಗಿ ಸೀನಬಾರದು. ಸೀನು ಬಂದರೆ ಬಾಯಿ ತೆರೆದೇ ಬರಲಿ, ಇಲ್ಲವಾದರೆ ಗಾಳಿಯ ಒತ್ತಡಕ್ಕೆ ತೇಪೆ ಜರುಗುತ್ತದೆ. ಮುಖ ವಾಲಿದರೆ, ತಲೆ ಗಿರ್ರೆಂದರೆ ಚೆಕಪ್ ದಿನದವರೆಗೆ ಕಾಯದೆ ಆವತ್ತೇ ಬರಬೇಕೆಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಡು.

ನಿನ್ನ
ಅಮ್ಮ