ಕಾರ್ಡಿನಲ್ಲಿ 82 ಯಾಕಿಲ್ಲ, 74.7 ಯಾಕಿದೆ?

ಪೋಷಕರಿಗೆಲ್ಲ ನಮಸ್ಕಾರ.

ದಸರಾ ರಜೆ ಮುಗಿದು ಮಕ್ಕಳ ಕೈಗೆ ಅರ್ಧವಾರ್ಷಿಕದ ಕಾರ್ಡ್ ಕೊಟ್ಟಿದ್ದೇ ತಡ, ಆಫೀಸಿಗೆ ಫೋನ್ ಮೇಲೆ ಫೋನ್. ಎಲ್ಲರದೂ ಒಂದೇ ಪ್ರಶ್ನೆ: "ಮನೇಲಿ ಲೆಕ್ಕ ಹಾಕಿದ್ರೆ ಜಾಸ್ತಿ ಬರುತ್ತೆ, ನೀವ್ಯಾಕೆ ಕಮ್ಮಿ ಬರೆದಿದ್ದೀರಿ?" ನಿಮ್ಮ ಕೂಡುವಿಕೆ ಸರಿಯಾಗೇ ಇದೆ. ಆದರೆ ಎಲ್ಲ ಪರೀಕ್ಷೆಗೂ ಒಂದೇ ತೂಕ ಕೊಟ್ಟುಬಿಟ್ಟಿದ್ದೀರಿ, ತೊಂದರೆ ಇರುವುದು ಅಲ್ಲಿ.

ನಮ್ಮ ಶಾಲೆಯಲ್ಲಿ ಎರಡು ಟೆಸ್ಟಿಗೆ ತಲಾ 10, ಪ್ರಾಜೆಕ್ಟಿಗೆ 10, ಅರ್ಧವಾರ್ಷಿಕಕ್ಕೆ 30, ವಾರ್ಷಿಕಕ್ಕೆ 40. ಒಟ್ಟು 100. ಜೂನ್‌ನಲ್ಲೇ ಡೈರಿಯ ಎರಡನೇ ಪುಟದಲ್ಲಿ ಅಚ್ಚು ಹಾಕಿಸಿದ್ದೆವು. ಆ ಪುಟವನ್ನು ಯಾರೂ ಓದುವುದಿಲ್ಲ ಬಿಡಿ.

ಮಂಡ್ಯದವರಿಗೆ ಕಬ್ಬಿನ ಲೆಕ್ಕದಲ್ಲೇ ಹೇಳುತ್ತೇನೆ. ಒಂದು ಲಾರಿಯಲ್ಲಿ 20 ಟನ್ ಕಬ್ಬು ಹೋಯಿತು, ಸಕ್ಕರೆ ಇಳುವರಿ ಶೇ 9. ಒಂದು ಟ್ರಾಕ್ಟರಿನಲ್ಲಿ 5 ಟನ್ ಹೋಯಿತು, ಇಳುವರಿ ಶೇ 11. ಒಟ್ಟು ಇಳುವರಿ ಶೇ 10 ಅಂತ ಯಾರಾದರೂ ಹೇಳಿದರೆ ನೀವು ಒಪ್ಪುತ್ತೀರಾ? ಸಕ್ಕರೆ ಬರುವುದು 2.35 ಟನ್, ಅಂದರೆ ಶೇ 9.4. ಲಾರಿಯ ಕಬ್ಬು ಜಾಸ್ತಿ, ಆದ್ದರಿಂದ ಅದರ ಮಾತೇ ನಡೆಯುತ್ತದೆ.

ಈಗ ಕಾರ್ಡಿಗೆ ಬರೋಣ. ಗಣಿತದಲ್ಲಿ ಒಬ್ಬ ಹುಡುಗನಿಗೆ ಮೊದಲ ಟೆಸ್ಟಿನಲ್ಲಿ 25ಕ್ಕೆ 22, ಎರಡನೆಯದರಲ್ಲಿ 25ಕ್ಕೆ 20, ಪ್ರಾಜೆಕ್ಟಿಗೆ 10ಕ್ಕೆ 10, ಅರ್ಧವಾರ್ಷಿಕದಲ್ಲಿ 50ಕ್ಕೆ 30 ಬಂದಿದೆ ಅಂದುಕೊಳ್ಳಿ. ಶೇಕಡಾ ಮಾಡಿದರೆ 88, 80, 100, 60. ಮನೆಯಲ್ಲಿ ಎಲ್ಲ ಕೂಡಿ ನಾಲ್ಕರಿಂದ ಭಾಗಿಸುತ್ತೀರಿ, 82 ಬರುತ್ತದೆ, ಖುಷಿಯೋ ಖುಷಿ. ನಾವು ಒಂದೊಂದನ್ನೂ ಅದರ ತೂಕಕ್ಕೆ ಇಳಿಸುತ್ತೇವೆ: 8.8, 8, 10, 18. ಒಟ್ಟು 44.8. ಇದು 60ಕ್ಕೆ ಬಂದ ಅಂಕ, ಯಾಕೆಂದರೆ ವಾರ್ಷಿಕದ 40 ಇನ್ನೂ ಬಾಕಿ. 44.8ನ್ನು 60ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 74.7. ಕಾರ್ಡಿನಲ್ಲಿ ಇರುವುದು ಇದೇ.

74.7 ಅಂದರೆ ಎ ಗ್ರೇಡ್, ನಮ್ಮಲ್ಲಿ 70ರಿಂದ ಎ. ಸರಿ, ನೆಮ್ಮದಿಯಾಗಿ ಕೂರಬಹುದು ಅಲ್ವಾ? ಕೂರಬೇಡಿ. ಇದೇ ಹುಡುಗ ವಾರ್ಷಿಕದಲ್ಲೂ ಶೇ 60 ತೆಗೆದರೆ ಸಿಗುವುದು 24, ಒಟ್ಟು 68.8, ಬಿ ಪ್ಲಸ್. ಅವನು ಕೆಳಗೆ ಬಿದ್ದಿಲ್ಲ, ಅರ್ಧವಾರ್ಷಿಕದಲ್ಲಿ ಇದ್ದಲ್ಲೇ ಇದ್ದಾನೆ, ಆದರೂ ಗ್ರೇಡ್ ಹೋಯಿತು, ಏಕೆಂದರೆ ಇಲ್ಲಿವರೆಗೆ ಅವನನ್ನು ಎತ್ತಿ ಹಿಡಿದಿದ್ದು ಟೆಸ್ಟು ಮತ್ತು ಪ್ರಾಜೆಕ್ಟು. 70 ಮುಟ್ಟಲು ಇನ್ನೂ 25.2 ಬೇಕು. ವಾರ್ಷಿಕ ಪತ್ರಿಕೆ 80 ಅಂಕದ್ದು, ಹಾಗಾಗಿ 51 ತೆಗೆಯಬೇಕು. ಶೇ 60 ಅಂದರೆ 48. ಮೂರೇ ಅಂಕ ಸಾಲದು! ಈ ಸಣ್ಣ ಲೆಕ್ಕ ಅಕ್ಟೋಬರಿನಲ್ಲೇ ಗೊತ್ತಿದ್ದರೆ ಫೆಬ್ರವರಿಯಲ್ಲಿ ಗಾಬರಿ ಬೀಳುವುದು ತಪ್ಪುತ್ತದೆ. 69.8 ಬಂದರೆ ನಾವು 70 ಮಾಡುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಬಿಗಿ ಅನಿಸಬಹುದು, ಆದರೆ ಒಬ್ಬರಿಗೆ ಮಾಡಿದರೆ 69.4 ಬಂದವರು ಬಾಗಿಲಲ್ಲಿ ನಿಂತಿರುತ್ತಾರೆ.

ಪ್ರಾಜೆಕ್ಟ್ ಬಗ್ಗೆ ಒಂದು ಮಾತು. ಅದರ ಒಂದು ಅಂಕ ಒಟ್ಟು ಲೆಕ್ಕದಲ್ಲಿ ಪೂರ್ತಿ ಒಂದು ಅಂಕ. ವಾರ್ಷಿಕದ ಒಂದು ಅಂಕ ಬರೀ ಅರ್ಧ. ಇದು ಗೊತ್ತಾದವರು ಅಂಗಡಿಯಲ್ಲಿ ದುಡ್ಡು ಕೊಟ್ಟು ಮಾಡಿಸುತ್ತಾರೆ. ಪ್ರತಿ ವರ್ಷ ಥರ್ಮೋಕೋಲಿನ ಕನ್ನಂಬಾಡಿ ಕಟ್ಟೆ ಬರುತ್ತದೆ, ನೀಲಿ ಬಣ್ಣ ಇನ್ನೂ ಒಣಗಿರುವುದಿಲ್ಲ, 124.80 ಅಡಿ ಅಂತ ಚಂದವಾಗಿ ಬರೆದಿರುತ್ತದೆ. ಆ ಅಡಿಯನ್ನು ಎಲ್ಲಿಂದ ಅಳೆಯುತ್ತಾರೆ ಅಂತ ಕೇಳಿದರೆ ಮಗು ನಿಮ್ಮ ಮುಖ ನೋಡುತ್ತದೆ. ಈ ವರ್ಷದಿಂದ ಮಗು ಬಾಯಲ್ಲಿ ವಿವರಿಸಿದ್ದಕ್ಕೇ 10ರಲ್ಲಿ 6.

ಜ್ವರ ಬಂದು ಟೆಸ್ಟ್ ತಪ್ಪಿದವರಿಗೆ ಸೊನ್ನೆ ಹಾಕುವುದಿಲ್ಲ. ಆ 10ನ್ನು ಬಿಟ್ಟು ಉಳಿದ ತೂಕದಿಂದ ಭಾಗಿಸುತ್ತೇವೆ. ಡಾಕ್ಟರ ಚೀಟಿ ಬೇಕು. ಮದುವೆಗೆ ಹೋಗಿದ್ದವರಿಗೆ ಇದಿಲ್ಲ.

10ನೇ ತರಗತಿಯವರೇ, ಎಸ್‌ಎಸ್‌ಎಲ್‌ಸಿಯಲ್ಲಿ ಒಟ್ಟು 625. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100. ಆರು ವಿಷಯ ಅಂತ ಸುಮ್ನೆ 600ರಿಂದ ಭಾಗಿಸಬೇಡಿ. ಕನ್ನಡದಲ್ಲಿ 120, ಉಳಿದವು ಸೇರಿ 388 ಬಂದರೆ 508, ಶೇ 81.28. 600ರಿಂದ ಭಾಗಿಸಿದವರು 84.67 ಅಂತ ನೆಂಟರಿಗೆಲ್ಲ ಹೇಳಿ ಆಮೇಲೆ ನಮ್ಮನ್ನು ಬೈಯುತ್ತಾರೆ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಪೋಷಕರ ಸಭೆ. ಕಾರ್ಡ್ ತನ್ನಿ, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು, ವಾರ್ಷಿಕದಲ್ಲಿ ನಿಮ್ಮ ಮಗುವಿಗೆ ಎಷ್ಟು ಬೇಕು ಅಂತ ಒಂದೊಂದು ವಿಷಯಕ್ಕೂ ಗಣಿತದ ಮೇಷ್ಟ್ರು ಬರೆದುಕೊಡುತ್ತಾರೆ. ನಾವು ಕೂಡಿದ್ದು ತಪ್ಪಿದ್ದರೆ ತೋರಿಸಿ, ಅಲ್ಲೇ ತಿದ್ದುತ್ತೇವೆ.

ಇಂತಿ,
ಮುಖ್ಯೋಪಾಧ್ಯಾಯರು