ಇನ್ನು ಹಸಿ ಸೌದೆ ಮಾರುವುದಿಲ್ಲ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳಿಂದ ನಮ್ಮ ಸಹಕಾರ ಸಂಘದ ಡಿಪೋದಲ್ಲಿ ಶೇ. 20ಕ್ಕಿಂತ ಹೆಚ್ಚು ತೇವಾಂಶವಿರುವ ಸೌದೆ ಸಿಗುವುದಿಲ್ಲ. ಮಾರಾಟವೂ ತೂಕಕ್ಕಲ್ಲ, ಒಟ್ಟಿದ ಸೌದೆಯ ಘನ ಮೀಟರ್ ಲೆಕ್ಕಕ್ಕೆ.

ತೂಕ ಬಿಟ್ಟಿದ್ದೇಕೆ? ಶೇ. 40 ತೇವಾಂಶದ 1000 ಕಿಲೊ ಸೌದೆಯಲ್ಲಿ ಮರ 600 ಕಿಲೊ, ಮಿಕ್ಕದ್ದು ನೀರು. ಅದೇ ಸೌದೆ ಶೇ. 20ಕ್ಕೆ ಒಣಗಿದರೆ 750 ಕಿಲೊ ತೂಗುತ್ತದೆ. ಉರಿಯುವ ಮರ ಮಾತ್ರ ಅಷ್ಟೇ ಇದೆ. ತೂಕಕ್ಕೆ ಮಾರಿದರೆ ಒಣಗಿಸಿದವನಿಗೇ ನಷ್ಟ!

ಆ 250 ಕಿಲೊ ನೀರನ್ನು ಒಲೆಯೊಳಗೆ ಆವಿಯಾಗಿಸಲು ಸುಮಾರು 35 ಕಿಲೊ ಒಣ ಮರದ ಶಾಖ ಸಾಕು. ದೊಡ್ಡ ನಷ್ಟ ಅದಲ್ಲ. ಒಲೆಯ ಒಡಲು ತಣ್ಣಗಾಗುವುದು. ಆಗ ಮರದಿಂದ ಹೊರಟ ಅನಿಲ ಉರಿ ಹಿಡಿಯದೆ ಹೊಗೆಯಾಗುತ್ತದೆ. ಒಂದಿಷ್ಟು ಡಾಂಬರಿನಂತೆ ಚಿಮಣಿಯ ಒಳಗೋಡೆಗೆ ಅಂಟಿ, ದಪ್ಪಗಟ್ಟಿ, ಒಂದು ದಿನ ಅಲ್ಲೇ ಹೊತ್ತಿಕೊಳ್ಳುತ್ತದೆ. ಉಳಿದದ್ದು ಪಕ್ಕದ ಮನೆಯ ಕಿಟಕಿಗೆ. ಅದರಲ್ಲಿರುವ 2.5 ಮೈಕ್ರೊಮೀಟರಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಇವುಗಳ ವಾರ್ಷಿಕ ಸರಾಸರಿ ಮಿತಿಯನ್ನು 2021ರಲ್ಲಿ ಘನ ಮೀಟರಿಗೆ 10 ಮೈಕ್ರೊಗ್ರಾಮಿನಿಂದ 5ಕ್ಕೆ ಇಳಿಸಿತು. ಅದೇ ವರ್ಷ ಇಂಗ್ಲೆಂಡ್, 2 ಘನ ಮೀಟರಿಗಿಂತ ಕಡಿಮೆ ಪ್ರಮಾಣದಲ್ಲಿ ಮಾರುವ ಸೌದೆಗೆ ಶೇ. 20ರ ಮಿತಿ ಹಾಕಿತು. ನಾವು ಹಿಡಿದಿರುವುದೂ ಅದೇ ಅಂಕಿ.

ತೇವಾಂಶವನ್ನು ನೀವೂ ಅಳೆದು ನೋಡಿ. ತೇವಾಂಶ ಅಳೆಯುವ ಮೀಟರನ್ನು ಕೊರಡಿನ ತುದಿಗೆ ಚುಚ್ಚಬೇಡಿ. ತುದಿ ಬೇಗ ಒಣಗುವುದರಿಂದ ಸುಳ್ಳು ಹೇಳುತ್ತದೆ. ಆಗಷ್ಟೇ ಸೀಳಿದ ಒಳಮೈಯ ನಡುಭಾಗಕ್ಕೆ ಚುಚ್ಚಿ. ಇನ್ನೊಂದು ಎಡವಟ್ಟಿದೆ: ನಾವು ನೀರನ್ನು ಸೌದೆಯ ಒಟ್ಟು ತೂಕಕ್ಕೆ ಹೋಲಿಸಿದರೆ, ಹಲವು ಮೀಟರುಗಳು ಒಣ ಮರದ ತೂಕಕ್ಕೆ ಹೋಲಿಸಿ ತೋರಿಸುತ್ತವೆ. ಅಂಥದರಲ್ಲಿ 25 ಬಂದರೆ ನಮ್ಮ ಲೆಕ್ಕದ 20.

ಮನೆಯಲ್ಲಿ ಹಸಿ ಸೌದೆ ಉಳಿದಿದ್ದರೆ 10 ಸೆಂಟಿಮೀಟರ್ ದಪ್ಪಕ್ಕೆ ಸೀಳಿ, ನೆಲಕ್ಕೆ ತಾಗದಂತೆ ಅಡ್ಡಪಟ್ಟಿಗಳ ಮೇಲೆ ಒಟ್ಟಿ. ಟಾರ್ಪಾಲು ಮೇಲೆ ಮಾತ್ರ; ಸುತ್ತಲೂ ಹೊದಿಸಿದರೆ ಬೂಷ್ಟು ಹಿಡಿಯುತ್ತದೆ. ಗಟ್ಟಿ ಮರ ಒಣಗಲು ಒಂದೆರಡು ವರ್ಷವೇ ಬೇಕಾದೀತು.

ಒಣ ಸೌದೆ ಜೋರಾಗಿ ಉರಿಯುತ್ತದೆಂದು ಒಲೆ ತುಂಬ ತುಂಬಿ ಗಾಳಿಕಿಂಡಿ ಮುಚ್ಚಬೇಡಿ. ಉಸಿರು ಕಟ್ಟಿದ ಬೆಂಕಿ ಒಣ ಸೌದೆಯಲ್ಲೂ ಹೊಗೆ ಕಾರುತ್ತದೆ. ಎರಡು ಮೂರು ಸೀಳು ಹಾಕಿ, ಅವು ಕೆಂಡವಾಗುತ್ತಾ ಬಂದಾಗ ಮತ್ತೆ ಹಾಕಿ. ಬಣ್ಣ ಬಳಿದ ಹಲಗೆ, ಪ್ಲೈವುಡ್ ಯಾವತ್ತೂ ಬೇಡ.

ತೂಕದ ಲೆಕ್ಕದಲ್ಲಿ ಮುಂಗಡ ಕಟ್ಟಿದವರಿಗೆ ಪ್ರತಿ 1000 ಕಿಲೊ ಹಸಿ ಸೌದೆಗೆ ಬದಲಾಗಿ 750 ಕಿಲೊ ಒಣ ಸೌದೆ ಕೊಡುತ್ತೇವೆ. ಬೇಡವೆನ್ನುವವರು ರಸೀದಿ ತಂದರೆ ಪೂರ್ತಿ ಹಣ ವಾಪಸ್.

ಇಂತಿ,
ಸೌದೆ ಸಹಕಾರ ಸಂಘದ ಪರವಾಗಿ